ಪರದೇಶಿಗಳ ಕೋಣೆಗೆ ಬರಲಿರುವ ಚಿತ್ರ

ಬರುವ ಗುರುವಾರದ ರಾತ್ರಿ, ಇಶಾದ ಬಾಂಗು ಮುಗಿದು, ಕೋಣೆಯ ಐದು ಮಂದಿಯೂ ಕೆಲಸದಿಂದ ಹಿಂದಿರುಗಿ ಮಿಂದು ಉಂಡಾದ ಮೇಲೆ, ಗೋಡೆಗೆ ಬಿಳಿಯ ಹಾಸುಬಟ್ಟೆಯೊಂದನ್ನು ಬಿಗಿದು, 1974ರಲ್ಲಿ ತೆರೆಕಂಡ ಜರ್ಮನ್ ಚಲನಚಿತ್ರವೊಂದನ್ನು ನೋಡಬೇಕೆಂದು ನಾವು ನಿಶ್ಚಯಿಸಿಕೊಂಡಿದ್ದೇವೆ. ನಿಶ್ಚಯವಾದಂದಿನಿಂದ ನನ್ನ ಮನಸ್ಸು, ಕುಂದಾಪುರದ ಕಡೆಯ ನಮ್ಮ ಹಳ್ಳಿಯ ಕೊಯ್ಲಾದ ಗದ್ದೆಗೆ ಯಕ್ಷಗಾನದ ಮೇಳ ಬರುವುದೆಂಬ ಸುದ್ದಿಯನ್ನು ಕೇಳಿ, ಸಂಜೆ ಕೇಳಿಯ ಚೆಂಡೆ ಮೊಳಗುವುದನ್ನೇ ಕಿವಿಗೊಟ್ಟು ಕಾಯುತ್ತಿದ್ದ ಬಾಲಕನ ಮನಸ್ಸಿನಂತೆ ಆಗಿದೆ. ಆ ಚಿತ್ರವನ್ನು ನಾನು ಈ ಮುಂಚೆ ಒಮ್ಮೆ ನೋಡಿದ್ದುಂಟು. ಬೆಂಗಳೂರಿನಲ್ಲಿ ಓದುತ್ತಿದ್ದ ಕಾಲದಲ್ಲಿ, ಫಿಲ್ಮ್ ಸೊಸೈಟಿಯೊಂದರ ಕಬ್ಬಿಣದ ಕುರ್ಚಿಯ ಮೇಲೆ ಕುಳಿತು, ಸ್ವಂತ ನಾಡಿನಲ್ಲಿ ಸ್ವಂತ ಭಾಷೆಯ ನಡುವೆ ಇದ್ದವನ ನಿಶ್ಚಿಂತೆಯಿಂದ ನೋಡಿದ್ದೆ. ಅಂದಿಗೆ ಅದು ಜರ್ಮನಿಯವರ ಸಂಗತಿಯಾಗಿತ್ತು. ಹದಿನಾಲ್ಕು ವರ್ಷ ಖೈತಾನಿನಲ್ಲಿ ಬಾಳಿದ ಮೇಲೆ ಚಿತ್ರವು ಅದೇ ಆಗಿದ್ದರೂ ನೋಡತಕ್ಕ ಕಣ್ಣುಗಳು ಬೇರೆಯಾಗಿವೆ. ಆ ಬೇರೆಯ ಕಣ್ಣುಗಳಿಗೆ ಅದು ಏನನ್ನು ತೋರಿಸೀತೆಂಬುದೇ ನನ್ನ ನಿರೀಕ್ಷೆಯ ತಿರುಳು.

ಖೈತಾನ್ ಎಂಬುದು ಕುವೈತ್ ನಗರದ ದಕ್ಷಿಣಕ್ಕೆ, ಫರ್ವಾನಿಯಾ ಪ್ರಾಂತ್ಯಕ್ಕೆ ಸೇರಿದ, ವಿಮಾನನಿಲ್ದಾಣಕ್ಕೆ ಅತಿ ಸಮೀಪವಾದ ಬಡಾವಣೆ. ಮಾಳಿಗೆಯ ಮೇಲೆ ಬಟ್ಟೆ ಒಣಗಿಸಲು ಹೋದವನು ತಲೆಯೆತ್ತಿದರೆ ಇಳಿಯುತ್ತಿರುವ ವಿಮಾನದ ಹೊಟ್ಟೆಯ ದೀಪಗಳು ಕಾಣುತ್ತವೆ; ಅದು ಕೋಳಿಕ್ಕೋಡಿನದೋ ಮಂಗಳೂರಿನದೋ ಕೈರೋದ್ದೋ ಎಂದು ಊಹಿಸುವುದು ಇಲ್ಲಿಯ ಒಂಟಿ ಗಂಡಸರ ಸಂಜೆಯ ಅಭ್ಯಾಸ. ಒಂದು ಭಾಗದಲ್ಲಿ ಪೌರರ ವಿಶಾಲವಾದ ಮನೆಗಳು. ಇನ್ನೊಂದು ಭಾಗದಲ್ಲಿ ಐದಾರು ಅಂತಸ್ತಿನ ಬಾಡಿಗೆಯ ಕಟ್ಟಡಗಳು, ಅವುಗಳಲ್ಲಿ ಈಜಿಪ್ಟಿನವರು, ಭಾರತೀಯರು, ಬಾಂಗ್ಲಾದೇಶೀಯರು, ನೇಪಾಳಿಗಳು, ಸಿಂಹಳೀಯರು, ಫಿಲಿಪ್ಪೀನಿಗಳು. ರಾತ್ರಿ ಎಂಟರ ಹೊತ್ತಿಗೆ ನಮ್ಮ ಕಟ್ಟಡದ ಮೆಟ್ಟಿಲನ್ನು ಏರುವವನು ಮೂಗಿನಿಂದಲೇ ಅಂತಸ್ತುಗಳನ್ನು ಎಣಿಸಬಲ್ಲನು: ಮೊದಲನೆಯದರಲ್ಲಿ ಬೇಯುತ್ತಿರುವ ಫೂಲ್ ಕಾಳಿನದು, ಎರಡನೆಯದರಲ್ಲಿ ಸಾಸಿವೆ ಎಣ್ಣೆಯಲ್ಲಿ ಹುರಿದ ಮೀನಿನದು, ಮೂರನೆಯದರಲ್ಲಿ ಒಣ ಸೀಗಡಿಯದು, ನಾಲ್ಕನೆಯದರಲ್ಲಿ ನಮ್ಮ ಬೆಳ್ಳುಳ್ಳಿ ಒಗ್ಗರಣೆಯದು. ಆ ನಾಲ್ಕು ವಾಸನೆಗಳೂ ಒಂದೇ ಮೆಟ್ಟಿಲಿನಲ್ಲಿ ಬೆರೆಯುತ್ತವೆ. ಬೇಯಿಸುವ ಕೈಗಳು ಮಾತ್ರ ವರ್ಷಗಟ್ಟಲೆ ಪರಸ್ಪರ ಬಾಗಿಲು ತಟ್ಟದೆ ಉಳಿಯುತ್ತವೆ.

ಇನ್ನು ಚಿತ್ರದ ವಿಚಾರ. ಅದರ ಹೆಸರನ್ನು ಕನ್ನಡಿಸುವುದಾದರೆ ವ್ಯಾಕರಣವನ್ನು ಕೆಡಿಸಿ, 'ಭಯ ತಿನ್ನು ಆತ್ಮ' ಎಂದೇ ಕನ್ನಡಿಸಬೇಕು. ಏಕೆಂದರೆ ಮೂಲದಲ್ಲಿಯೂ ಅದು ಮೊರಾಕ್ಕೋ ದೇಶದ ಕೂಲಿಗಾರನೊಬ್ಬನ ಮುರುಕು ಜರ್ಮನ್. ನಿರ್ದೇಶಕ ರೈನರ್ ವರ್ನರ್ ಫಾಸ್‌ಬಿಂಡರ್ ಆಗ ಇಪ್ಪತ್ತೆಂಟರ ಯುವಕ. 1973ರ ಸೆಪ್ಟೆಂಬರಿನಲ್ಲಿ ಎರಡು ವಾರಗಳಷ್ಟು ಅಲ್ಪಕಾಲದಲ್ಲಿ ಚಿತ್ರೀಕರಣವನ್ನು ಮುಗಿಸಿದನೆಂದರೆ ನಂಬುವುದು ಕಷ್ಟ. ಮಳೆಯ ಒಂದು ಸಂಜೆ, ಕಚೇರಿಗಳನ್ನು ಗುಡಿಸಿ ಒರೆಸಿ ಜೀವಿಸುವ ಎಮ್ಮಿ ಎಂಬ ಅರುವತ್ತರ ವಿಧವೆಯು, ಮ್ಯೂನಿಕ್ ನಗರದಲ್ಲಿ ಅರಬ್ಬರು ಸೇರುವ ಪಾನಗೃಹವೊಂದನ್ನು ಹೊಕ್ಕು, ತನಗಿಂತ ಇಪ್ಪತ್ತು ವರ್ಷಗಳಿಗೂ ಕಿರಿಯನಾದ ಅಲಿಯನ್ನು ಭೇಟಿಯಾಗುತ್ತಾಳೆ, ಇಬ್ಬರೂ ಒಂಟಿಗಳು, ಮದುವೆಯಾಗುತ್ತಾರೆ. ಅನಂತರ ನೆರೆಹೊರೆಯವರು ಮೆಟ್ಟಿಲು ಕೊಳೆಯಾಯಿತೆಂದು ಗೊಣಗುವರು, ಅಂಗಡಿಯವನು ಅಲಿಯ ಮಾತು ತಿಳಿಯದೆಂಬ ನೆಪದಿಂದ ಸಾಮಾನು ಕೊಡಲೊಲ್ಲನು, ಎಮ್ಮಿಯ ಮಗನು ಸಿಟ್ಟಿನಿಂದ ತಾಯಿಯ ಟೆಲಿವಿಷನ್ನನ್ನು ಒದ್ದು ಒಡೆಯುವನು. ಚಿತ್ರೀಕರಣದ ಹಿಂದಣ ವರ್ಷ ಅದೇ ಮ್ಯೂನಿಕ್ಕಿನ ಒಲಿಂಪಿಕ್ ಕ್ರೀಡೆಗಳಲ್ಲಿ ಇಸ್ರೇಲಿನ ಕ್ರೀಡಾಳುಗಳ ಹತ್ಯೆ ನಡೆದಿತ್ತು. ಆ ಬಳಿಕ ಆ ಊರಿನಲ್ಲಿ ಅರಬ್ಬನ ಮುಖವೆಂದರೆ ಸಾಕು, ಜನ ಒಂದು ಹೆಜ್ಜೆ ಹಿಂದೆ ಸರಿಯುತ್ತಿದ್ದ ಕಾಲ ಅದು.

ಇಷ್ಟೇ ಆಗಿದ್ದರೆ ಈ ಚಿತ್ರಕ್ಕಾಗಿ ನಾನು ಇಷ್ಟು ಕಾತರನಾಗಬೇಕಾಗಿರಲಿಲ್ಲ. ವರ್ಣದ್ವೇಷವನ್ನು ಕುರಿತ ಚಿತ್ರಗಳು ಲೋಕದಲ್ಲಿ ಸಾಕಷ್ಟು ಇವೆ. ಅವುಗಳಲ್ಲಿ ಬಹುಪಾಲು, ನೊಂದವನನ್ನು ನಿರ್ಮಲನನ್ನಾಗಿಯೂ ನೋಯಿಸುವವನನ್ನು ದುಷ್ಟನನ್ನಾಗಿಯೂ ಚಿತ್ರಿಸಿ, ಪ್ರೇಕ್ಷಕನನ್ನು ನೊಂದವನ ಪಕ್ಕದಲ್ಲಿ ಕೂರಿಸಿ, ಕಣ್ಣೀರಿನೊಂದಿಗೆ ಮನೆಗೆ ಕಳುಹಿಸುತ್ತವೆ. ಫಾಸ್‌ಬಿಂಡರ್ ಹಾಗೆ ಬಿಡುವವನಲ್ಲ. ದಂಪತಿಗಳು ಊರು ಬಿಟ್ಟುಹೋಗಿ ಮರಳುವ ವೇಳೆಗೆ ನೆರೆಯವರಿಗೆ ಅವರಿಂದ ಏನೇನೋ ಪ್ರಯೋಜನ ಬೇಕಾಗಿರುತ್ತದೆ. ದ್ವೇಷವು ಮೆಲ್ಲನೆ ಕರಗುತ್ತದೆ. ಆಗ ಎಮ್ಮಿಯೇ ತನ್ನ ಗೆಳತಿಯರನ್ನು ಕರೆದು, ಪೇಟೆಯಿಂದ ತಂದ ಹೋರಿಯನ್ನು ತೋರಿಸುವಂತೆ, ಗಂಡನ ತೋಳಿನ ಸ್ನಾಯುಗಳನ್ನು ಮುಟ್ಟಿನೋಡಿರೆಂದು ಹೇಳುತ್ತಾಳೆ. ಅವನು ತನ್ನ ನಾಡಿನ ಕುಸ್‌ಕುಸ್ ಬೇಕೆಂದಾಗ, ಈ ದೇಶದ ಊಟಕ್ಕೆ ಒಗ್ಗಿಕೊಳ್ಳೆಂದು ನುಡಿಯುತ್ತಾಳೆ. ಗುಡಿಸುವ ಕೆಲಸಕ್ಕೆ ಹೊಸದಾಗಿ ಸೇರಿದ ಯುಗೋಸ್ಲಾವಿಯದ ಹೆಂಗಸನ್ನು, ನಿನ್ನೆ ತನ್ನನ್ನು ಬಹಿಷ್ಕರಿಸಿದ್ದ ಅದೇ ಗೆಳತಿಯರೊಡನೆ ಸೇರಿ, ಮೆಟ್ಟಿಲಿನ ಮೇಲೆ ಒಂಟಿಯಾಗಿ ಕೂರಿಸುತ್ತಾಳೆ. ನೊಂದವಳು ನೋಯಿಸುವವರ ಸಾಲಿಗೆ ಬಂದು ಕುಳಿತ ಆ ಗಳಿಗೆಯನ್ನು ನೋಡಲಿಕ್ಕಾಗಿಯೇ ನಾನು ಗುರುವಾರವನ್ನು ಕಾಯುತ್ತಿರುವುದು. ಇನ್ನೊಂದು ಮಾತು: ಚಿತ್ರದಲ್ಲಿ ಪರದೇಶೀಯರನ್ನು ಹಳಿಯುವ ಅಳಿಯನ ಪಾತ್ರವನ್ನು ನಿರ್ದೇಶಕನು ಬೇರೆ ಯಾರಿಗೂ ಕೊಡದೆ ತಾನೇ ಧರಿಸಿದ್ದಾನೆ. ಅದರಲ್ಲಿ ಒಂದು ದೊಡ್ಡ ಪ್ರಾಮಾಣಿಕತೆ ಇದೆಯೆಂದು ನಾನು ತಿಳಿದಿದ್ದೇನೆ.

ಇತಿಹಾಸದ ಒಂದು ಯೋಗಾಯೋಗವನ್ನೂ ಇಲ್ಲಿ ಹೇಳಬೇಕು. ಚಿತ್ರೀಕರಣ ಮುಗಿದ ಮರುತಿಂಗಳೇ, ಅಂದರೆ 1973ರ ಅಕ್ಟೋಬರಿನಲ್ಲಿ, ಅರಬ್ ರಾಷ್ಟ್ರಗಳು ತೈಲದ ನಿರ್ಬಂಧವನ್ನು ಹೂಡಿದವು. ಕೆಲವೇ ತಿಂಗಳುಗಳಲ್ಲಿ ಎಣ್ಣೆಯ ಬೆಲೆ ನಾಲ್ಕು ಪಟ್ಟಾಯಿತು. ನವೆಂಬರಿನಲ್ಲಿ ಪಶ್ಚಿಮ ಜರ್ಮನಿಯು ಇನ್ನು ಮುಂದೆ ಹೊರದೇಶದ ಕೂಲಿಗಳನ್ನು ಕರೆಸಿಕೊಳ್ಳುವುದಿಲ್ಲವೆಂದು ಸಾರಿತು. ಅದೇ ಬೆಲೆಯೇರಿಕೆಯಿಂದ ಕೊಲ್ಲಿಯ ನಾಡುಗಳಿಗೆ ಐಶ್ವರ್ಯವು ಹರಿದುಬಂದು, ಭಟ್ಕಳ, ಉಡುಪಿ, ಮಂಗಳೂರು, ಕಾಸರಗೋಡುಗಳ ತರುಣರಿಗೆ ಇಲ್ಲಿಯ ಬಾಗಿಲು ಅಗಲವಾಗಿ ತೆರೆಯಿತು. ಅಲಿಯ ಹಿಂದೆ ಮುಚ್ಚಿದ ಕದವೂ ನಮ್ಮ ಮುಂದೆ ತೆರೆದ ಕದವೂ ಒಂದೇ ಗಾಳಿಗೆ ಅಲುಗಿದವು.

ಅಲಿ ಎಂಬುದು ಆತನ ನಿಜವಾದ ಹೆಸರಲ್ಲ. ಉದ್ದವಾದ ಅವನ ಹೆಸರನ್ನು ಕಲಿಯಲು ಯಾರಿಗೂ ವ್ಯವಧಾನವಿಲ್ಲದ್ದರಿಂದ ಎಲ್ಲರೂ ಹಾಗೆ ಕರೆದರು. ಖೈತಾನಿನ ಬೀದಿಯಲ್ಲಿ ಹೆಸರು ತಿಳಿಯದ ದಕ್ಷಿಣ ಏಷ್ಯದ ಕೂಲಿಯನ್ನು 'ರಫೀಕ್' ಎಂದೋ 'ಸದೀಖ್' ಎಂದೋ ಕೂಗುವರು. ಎರಡಕ್ಕೂ ಅರ್ಥ ಸ್ನೇಹಿತನೆಂದೇ. ಸ್ನೇಹಿತನೆಂಬ ಮಾತು, ಹೆಸರನ್ನು ಕೇಳುವ ಶ್ರಮವನ್ನು ಉಳಿಸಲಿಕ್ಕಾಗಿ ಬಳಕೆಯಾಗುವ ಸ್ಥಿತಿಯನ್ನು ಕಂಡಾಗ ನನಗೆ ಖೇದವಾಗುತ್ತದೆ. ಆದರೆ ಭಾಷೆಗಳ ಈ ವಿಷಯದಲ್ಲಿ ನಮ್ಮ ಕೈಗಳೂ ಶುಭ್ರವಲ್ಲ. ಅರಬ್ಬಿಯಲ್ಲಿ 'ಗರೀಬ್' ಎಂದರೆ ಅಪರಿಚಿತ, ಊರಿನಿಂದ ದೂರವಾದವನು. ಅದೇ ಶಬ್ದವು ಉರ್ದುವಿನ ಹಾದಿಯಿಂದ ನಮ್ಮಲ್ಲಿಗೆ ಬಂದು 'ಗರೀಬ'ನಾಗಿ, ಕೇವಲ ಬಡವನೆಂಬ ಅರ್ಥವನ್ನು ತಾಳಿತು. ನಮ್ಮದೇ ಆದ 'ಪರದೇಶಿ' ಎಂಬ ಶಬ್ದವು ಪರನಾಡಿನವನೆಂದು ಹೊರಟು, ದಿಕ್ಕಿಲ್ಲದವನು, ಯಾರೂ ಇಲ್ಲದ ಅನಾಥನು ಎಂಬ ಅರ್ಥಕ್ಕೆ ಇಳಿದು ನಿಂತಿತು. 'ಮ್ಲೇಚ್ಛ'ನೆಂದರೆ ಮೊದಲಿಗೆ ಅಸ್ಪಷ್ಟವಾಗಿ ಮಾತನಾಡುವವನು. ಅರಬ್ಬರ 'ಅಜಮ್' ಎಂಬುದೂ ಅದೇ, ಮಾತು ತಿಳಿಯದವನು. ಪರ್ಷಿಯಾದಿಂದ ಬಂದ ಕುವೈತೀ ಮನೆತನಗಳನ್ನು ಇಂದಿಗೂ ಇಲ್ಲಿ ಆ ಹೆಸರಿನಿಂದ ಕರೆಯುವುದುಂಟು. ಸಮುದ್ರದ ಎರಡು ದಡಗಳ ಎರಡು ಪ್ರಾಚೀನ ಭಾಷೆಗಳು, ಪರರನ್ನು ಕಿವಿಯಿಂದಲೇ ಅಳೆದು, ತಮಗೆ ತಿಳಿಯದ ನುಡಿಯನ್ನು ನುಡಿಯೇ ಅಲ್ಲವೆಂದು ಬಗೆದವು.

ಇಲ್ಲಿ ಚಲಾವಣೆಯಲ್ಲಿರುವ ಇನ್ನೊಂದು ಪದವೆಂದರೆ 'ಬ್ಯಾಚುಲರ್'. ಊರಿನಲ್ಲಿ ಹೆಂಡತಿಯೂ ಮೂವರು ಮಕ್ಕಳೂ ಇರತಕ್ಕ ನಡುವಯಸ್ಸಿನವನೂ, ಕುಟುಂಬವನ್ನು ಕರೆತರುವಷ್ಟು ಸಂಬಳವಿಲ್ಲದ್ದರಿಂದ, ಇಲ್ಲಿ ಬ್ಯಾಚುಲರನೇ. ಪೌರರ ವಸತಿಪ್ರದೇಶಗಳಲ್ಲಿ ಅಂತಹವನು ಬಾಡಿಗೆಗೆ ಇರುವಂತಿಲ್ಲ. ಇದ್ದರೆ ಪುರಸಭೆಯವರು ಬಂದು ವಿದ್ಯುತ್ತನ್ನು ಕಡಿದುಹಾಕುತ್ತಾರೆ. ಇದು ಕ್ರೂರವೆಂದು ನಾನು ಬಹುಕಾಲ ಎಣಿಸಿದ್ದೆ. ಈಗಲೂ ಅದರಲ್ಲಿ ಕ್ರೌರ್ಯವಿಲ್ಲವೆಂದು ಹೇಳಲಾರೆ. ಆದರೆ ಮೂವರಲ್ಲಿ ಇಬ್ಬರು ಹೊರಗಿನವರಾಗಿರುವ ನಾಡು ಇದು. ಕುಂದಾಪುರದ ಪೇಟೆಯಲ್ಲಿ ಮೂರು ಅಂಗಡಿಗಳ ಪೈಕಿ ಎರಡರಲ್ಲಿ ನಮ್ಮ ಮಾತು ನಡೆಯದಂತಾದರೆ, ನನ್ನ ಅಜ್ಜಿಯು ಬಾಗಿಲಿಗೆ ಅಗುಳಿ ಹಾಕಿಕೊಳ್ಳುತ್ತಿರಲಿಲ್ಲವೆಂದು ನಾನು ಪ್ರಮಾಣ ಮಾಡಿ ಹೇಳಬಲ್ಲೆನೆ? ಭಯಪಡುವವನ ಭಯವನ್ನು ತಿಳಿಯದೆ ಬರೆದ ಚಿತ್ರಕಥೆಯು ಅರ್ಧಸತ್ಯವಾಗಿಯೇ ಉಳಿಯುವುದು.

ಹಾಗೆಂದು ಭಯವು ಪೌರನಿಗೂ ವಲಸಿಗನಿಗೂ ಮಧ್ಯೆ ಮಾತ್ರ ಇರತಕ್ಕದ್ದಲ್ಲ. 1999ರ ಅಕ್ಟೋಬರ್ ಕೊನೆಯಲ್ಲಿ ಇದೇ ಖೈತಾನಿನಲ್ಲಿ, ಈಜಿಪ್ಟಿನ ಕೂಲಿಗಾರರಿಗೂ ಬಾಂಗ್ಲಾದೇಶೀಯರಿಗೂ ನಡುವೆ ಹುಟ್ಟಿದ ಜಗಳವು ಬೀದಿಯ ಗಲಭೆಯಾಗಿ ಬೆಳೆದು, ಪೊಲೀಸರು ಅಶ್ರುವಾಯುವನ್ನು ಪ್ರಯೋಗಿಸಬೇಕಾಯಿತು. ಒಂದೇ ಬಕಾಲಾ ಅಂಗಡಿಯಲ್ಲಿ ಖುಬ್ಬೂಸ್ ರೊಟ್ಟಿ ಕೊಳ್ಳುವ, ಒಂದೇ ಬಸ್ಸಿಗಾಗಿ ಅದೇ ಬಿಸಿಲಿನಲ್ಲಿ ನಿಲ್ಲುವ ಎರಡು ಜನಾಂಗಗಳ ಬಡವರು ಅಂದು ಕೈಗೆ ಕಲ್ಲು ಎತ್ತಿಕೊಂಡರು. ನಮ್ಮ ಪಕ್ಕದ ಕೋಣೆಯ ಈಜಿಪ್ಟಿನ ಎಲೆಕ್ಟ್ರಿಷಿಯನ್ ಆಗ ಹೊಸದಾಗಿ ಬಂದಿದ್ದ ಹುಡುಗ. ಆ ರಾತ್ರಿಯ ಮಾತನ್ನು ಎತ್ತಿದರೆ ಆತನು ಬಹಳ ಹೊತ್ತು ಸುಮ್ಮನಿದ್ದು, ಅನಂತರ ಚಹಾಕ್ಕೆ ಇನ್ನೊಂದು ಚಮಚ ಸಕ್ಕರೆ ಹಾಕಿಕೊಳ್ಳುತ್ತಾನೆ. ಗುರುವಾರದ ಚಿತ್ರಕ್ಕೆ ಆತನೂ ಬರುವವನಿದ್ದಾನೆ. 'ಭಯ ತಿನ್ನು ಆತ್ಮ' ಎಂಬ ತನ್ನ ಮಾತನ್ನು ಅರಬ್ಬರೆಲ್ಲರೂ ಆಡುವ ನುಡಿಯೆಂದು ಅಲಿಯು ಹೇಳುವನಷ್ಟೆ. ಅರಬ್ಬಿಯಲ್ಲಿ ನಿಜವಾಗಿಯೂ ಅಂತಹ ಗಾದೆ ಉಂಟೆ ಎಂದು ನಾನು ವಿಚಾರಿಸಿದಾಗ, ತನ್ನ ತಾಯಿ ಹಾಗೆ ಹೇಳಿದ್ದನ್ನು ಎಂದೂ ಕೇಳಿಲ್ಲವೆಂದೂ, ಆದರೆ ಮಾತು ಸುಳ್ಳಲ್ಲವೆಂದೂ ಉತ್ತರವಿತ್ತನು.

ಕುವೈತನ್ನು ಕುರಿತು ಅರಬ್ಬರೇ ತೆಗೆದ ಎರಡು ಶ್ರೇಷ್ಠ ಚಿತ್ರಗಳು ಒಂದೇ ವರ್ಷ, 1972ರಲ್ಲಿ, ಹೊರಬಂದವು. ಒಂದು ಖಾಲಿದ್ ಅಲ್-ಸಿದ್ದೀಕ್ ನಿರ್ದೇಶಿಸಿದ 'ಬಸ್ ಯಾ ಬಹರ್'; ಎಣ್ಣೆ ದೊರೆಯುವುದಕ್ಕೆ ಮೊದಲು, ಸಾಲದಲ್ಲಿ ಮುಳುಗಿ, ಮುತ್ತಿಗಾಗಿ ಸಮುದ್ರದಲ್ಲಿ ಮುಳುಗಿ ಪ್ರಾಣಬಿಡುತ್ತಿದ್ದ ಕುವೈತಿಗಳ ಕಥೆ. ಇಂದಿನ ಪೌರನ ಅಜ್ಜನೂ ದೋಣಿಯ ನಖೋದನಿಗೆ ಋಣಬದ್ಧನಾದ ಕೂಲಿಯಾಗಿದ್ದನೆಂಬುದನ್ನು ಆ ಕಪ್ಪುಬಿಳುಪಿನ ಚಿತ್ರವು ಬಚ್ಚಿಡುವುದಿಲ್ಲ. ಇನ್ನೊಂದು, ಈಜಿಪ್ಟಿನ ತೌಫೀಕ್ ಸಾಲಿಹ್ ಸಿರಿಯಾದಲ್ಲಿ ತೆಗೆದ 'ಅಲ್-ಮಖ್ದೂಊನ್', ಅರ್ಥಾತ್ ವಂಚಿತರು. ಇದರ ಮೂಲವು ಗಸ್ಸಾನ್ ಕನಫಾನಿಯ 1963ರ ಕಿರುಕಾದಂಬರಿ. ಕನಫಾನಿಯು ಪ್ಯಾಲೆಸ್ಟೈನಿನವನು, ಕೆಲವು ವರ್ಷ ಕುವೈತಿನಲ್ಲಿಯೇ ಉಪಾಧ್ಯಾಯನಾಗಿದ್ದವನು. ನೆಲೆ ಕಳೆದುಕೊಂಡ ಮೂವರು ಪ್ಯಾಲೆಸ್ಟೈನೀಯರು, ಆಗಸ್ಟ್ ತಿಂಗಳ ಉರಿಬಿಸಿಲಿನಲ್ಲಿ, ಖಾಲಿಯಾದ ನೀರಿನ ಲಾರಿಯ ತೊಟ್ಟಿಯೊಳಗೆ ಅಡಗಿ ಕುವೈತಿನ ಗಡಿಯನ್ನು ದಾಟಲು ಹೊರಡುತ್ತಾರೆ. ಠಾಣೆಯ ಅಧಿಕಾರಿಗಳು ಚಾಲಕನನ್ನು ಪೋಲಿ ಹರಟೆಯಲ್ಲಿ ತಡೆದು ನಿಲ್ಲಿಸುತ್ತಾರೆ. ಒಳಗಿರುವವರು ಬೆಂದು ಸಾಯುತ್ತಾರೆ. ಕಾದಂಬರಿಯಲ್ಲಿ ಅವರು ತೊಟ್ಟಿಯ ಗೋಡೆಯನ್ನು ತಟ್ಟುವುದೇ ಇಲ್ಲ. ಚಿತ್ರದಲ್ಲಿ ತಟ್ಟುತ್ತಾರೆ, ಆದರೆ ಠಾಣೆಯ ಏರ್‌ಕಂಡೀಷನರುಗಳ ಮೊರೆತದಲ್ಲಿ ಆ ಸದ್ದು ಯಾರಿಗೂ ಕೇಳಿಸುವುದಿಲ್ಲ. ಈ ಬದಲಾವಣೆಯನ್ನು ಯೋಚಿಸಿದಾಗಲೆಲ್ಲ ನನ್ನ ಮೈ ತಣ್ಣಗಾಗುತ್ತದೆ.

ಆ ಚಿತ್ರ ಬಂದ ಹದಿನೆಂಟು ವರ್ಷಗಳ ಬಳಿಕ ಇರಾಕಿನ ಸೈನ್ಯವು ಕುವೈತನ್ನು ಆಕ್ರಮಿಸಿತು. ಭಾರತೀಯರಲ್ಲಿ ಒಂದು ಲಕ್ಷಕ್ಕೂ ಮಿಕ್ಕವರು ಅಮ್ಮಾನಿಗೆ ಹೋಗಿ, ಅಲ್ಲಿಂದ ಏರ್ ಇಂಡಿಯಾದ ವಿಮಾನಗಳಲ್ಲಿ ಮುಂಬಯಿಯನ್ನು ಸೇರಿದರು. ಅವರಿಗೆ ಹಿಂದಿರುಗಲು ಒಂದು ಊರಿತ್ತು. ಆಗ ಇಲ್ಲಿ ಸುಮಾರು ನಾಲ್ಕು ಲಕ್ಷ ಪ್ಯಾಲೆಸ್ಟೈನೀಯರು ಇದ್ದರು. ಈ ದೇಶದ ಶಾಲೆಗಳಲ್ಲಿ ಪಾಠ ಹೇಳಿದವರು, ಕಚೇರಿಗಳನ್ನು ಕಟ್ಟಿದವರು. ಅವರ ಮುಖಂಡರು ಇರಾಕಿನ ಕಡೆ ವಾಲಿದರೆಂಬ ಕಾರಣದಿಂದ, 1991ರಲ್ಲಿ ಬಿಡುಗಡೆಯಾದ ಮೇಲೆ ಇಡೀ ಸಮುದಾಯದ ಮೇಲೆಯೇ ಸಂಶಯವು ಕವಿದು, ಕೆಲವು ಹತ್ತು ಸಾವಿರಗಳಷ್ಟು ಜನರನ್ನುಳಿದು ಮಿಕ್ಕವರೆಲ್ಲರೂ ನೆಲೆ ತಪ್ಪಿದರು. ಆಕ್ರಮಣದ ಗಾಯ ಹಸಿಯಾಗಿತ್ತೆಂಬುದು ನಿಜ. ಒಬ್ಬನ ತಪ್ಪಿಗೆ ಕುಲದ ಲೆಕ್ಕ ಹಿಡಿದದ್ದೂ ನಿಜ. ಅವರು ತೆರವು ಮಾಡಿದ ಉದ್ಯೋಗಗಳಲ್ಲಿ ಕೆಲವಕ್ಕೆ ಮುಂದೆ ಬಂದು ಕುಳಿತವರಲ್ಲಿ ನಮ್ಮವರೂ ಇದ್ದರು.

ಕುವೈತಿಗಳು ಈ ವಿಷಯದಲ್ಲಿ ಮೌನವಾಗಿದ್ದಾರೆಂದು ಹೇಳುವುದು ಅನ್ಯಾಯವಾದೀತು. ಸಊದ್ ಅಲ್-ಸನೂಸಿ ಎಂಬ ತರುಣ ಲೇಖಕನ 'ಸಾಕ್ ಅಲ್-ಬಾಂಬೂ', ಬಿದಿರಿನ ಕಾಂಡವೆಂಬ ಕಾದಂಬರಿಯು, 2013ರಲ್ಲಿ ಅರಬ್ಬಿ ಕಾದಂಬರಿಗೆ ಮೀಸಲಾದ ಅಂತರರಾಷ್ಟ್ರೀಯ ಪ್ರಶಸ್ತಿಯನ್ನು ಪಡೆಯಿತು. ಕುವೈತೀ ತಂದೆಗೂ ಫಿಲಿಪ್ಪೀನಿನ ಮನೆಗೆಲಸದಾಕೆಗೂ ಹುಟ್ಟಿದ ಈಸಾ, ತಾಯ್ನಾಡಿನಲ್ಲಿ ಬೆಳೆದು, ತಂದೆಯ ನಾಡಿಗೆ ಮರಳುತ್ತಾನೆ. ಮುಖವು ತಾಯಿಯದು, ಧ್ವನಿಯು ತೀರಿಕೊಂಡ ತಂದೆಯದು. ಕಣ್ಣು ಮುಚ್ಚಿದರೆ ಕಳೆದುಹೋದ ಮಗ, ತೆರೆದರೆ ನೆರೆಯವರಿಂದ ಮುಚ್ಚಿಡಬೇಕಾದ ಪರಕೀಯ. ಈಸಾನ ಅಜ್ಜಿಯ ಸಂಕಟವನ್ನು ಇದಕ್ಕಿಂತ ಸೂಕ್ಷ್ಮವಾಗಿ ಹೇಳಿದ ಕಥೆಯನ್ನು ನಾನು ಬೇರೆ ಓದಿಲ್ಲ. ಅವಳು ದುಷ್ಟಳಲ್ಲ; ಮನೆತನದ ಹೆಸರಿಗೆ ಹೆದರಿದವಳು. 2016ರ ರಂಜಾನ್ ತಿಂಗಳಲ್ಲಿ ಇದು ಟೆಲಿವಿಷನ್ ನಾಟಕವಾಗಿ ಬಂದಾಗ ಆ ಪಾತ್ರವನ್ನು ಹಿರಿಯ ನಟಿ ಸು‌ಆದ್ ಅಬ್ದುಲ್ಲಾ ವಹಿಸಿದರು. ಕಥೆ ಕುವೈತಿನದಾದರೂ ಚಿತ್ರೀಕರಣ ನಡೆದದ್ದು ಹೊರಗೆ, ಎಮಿರೇಟುಗಳಲ್ಲಿ.

ಅದೇ ರಂಗದ ಇನ್ನೊಬ್ಬ ಮಹಾನಟಿ ಹಯಾತ್ ಅಲ್-ಫಹದ್, 2020ರ ಸೋಂಕಿನ ಆರಂಭದಲ್ಲಿ, ಆಸ್ಪತ್ರೆಗಳು ತುಂಬುತ್ತಿರುವಾಗ ವಲಸಿಗರನ್ನು ಹೊರಗೆ, ಮರುಭೂಮಿಗೆ ಹಾಕಬೇಕೆಂಬರ್ಥದ ಮಾತನ್ನು ಟೆಲಿವಿಷನ್ನಿನಲ್ಲಿ ಆಡಿಬಿಟ್ಟರು. ಕುವೈತಿಗಳೇ ಹಲವರು ಅದನ್ನು ಖಂಡಿಸಿದರು. ಆಕೆ ಸಮಜಾಯಿಷಿಯನ್ನೂ ಹೇಳಿದರು. ಕೆಲವು ವಾರಗಳಲ್ಲಿಯೇ, ಕೊಲ್ಲಿಯಲ್ಲಿ ಮುಸಲ್ಮಾನ, ಕ್ರೈಸ್ತ, ಯೆಹೂದ್ಯರು ನೆರೆಹೊರೆಯಾಗಿದ್ದ ಕಾಲವನ್ನು ಚಿತ್ರಿಸುವ 'ಉಮ್ಮ್ ಹಾರೂನ್' ನಾಟಕದಲ್ಲಿ, ಯೆಹೂದ್ಯ ಸೂಲಗಿತ್ತಿಯಾಗಿ ಆಕೆ ಕಾಣಿಸಿಕೊಂಡರು. ಒಂದೇ ಕಂಠದಿಂದ ಒಂದೇ ಋತುವಿನಲ್ಲಿ ಎರಡೂ ಹೊರಟವೆಂಬುದನ್ನು ನಾನು ಆಕೆಯ ಮೇಲಿನ ಆರೋಪವಾಗಿ ಹೇಳುತ್ತಿಲ್ಲ. ಭಯವು ದೊಡ್ಡ ಹೃದಯಗಳಲ್ಲಿಯೂ ಮನೆಮಾಡೀತೆಂಬುದಕ್ಕೆ ಸಾಕ್ಷಿಯಾಗಿ ಹೇಳುತ್ತಿದ್ದೇನೆ. ಮತ್ತು ಆ ವರ್ಷ ನನ್ನ ಹೃದಯದಲ್ಲಿ ಏನಿತ್ತೆಂಬುದನ್ನು ಹೇಳಲು ನನಗೆ ಅದು ಧೈರ್ಯವನ್ನು ಕೊಡುತ್ತದೆ.

ಆ ವರ್ಷದ ಮೇ 31ರಿಂದ ಸರಕಾರವು ಫರ್ವಾನಿಯಾ, ಹವಲ್ಲಿಗಳೊಡನೆ ಖೈತಾನನ್ನೂ ಪೂರ್ಣವಾಗಿ ಪ್ರತ್ಯೇಕಿಸಿ ದಾರಿಗಳನ್ನು ಮುಚ್ಚಿತು. ನಮ್ಮ ಕಟ್ಟಡದ ಮೆಟ್ಟಿಲು ಗುಡಿಸುವ, ಬಕಾಲಾದಿಂದ ನೀರಿನ ಕ್ಯಾನುಗಳನ್ನು ಹೆಗಲ ಮೇಲೆ ಹೊತ್ತು ತರುವ ಬಾಂಗ್ಲಾದೇಶದವನೊಬ್ಬನಿದ್ದಾನೆ. ಆತನ ಕೈಗೆ ದುಡ್ಡನ್ನು ಕೊಡದೆ, ಬಾಗಿಲ ಹೊರಗಿನ ಕಟಕಟೆಯ ಮೇಲೆ ನಾಣ್ಯಗಳನ್ನು ಇಟ್ಟು, ಕದ ಮುಚ್ಚಿ, ಆತನು ಇಳಿದುಹೋದನೆಂದು ಖಚಿತವಾದ ಮೇಲೆ ಕ್ಯಾನನ್ನು ಒಳಗೆ ಎಳೆದುಕೊಳ್ಳುತ್ತಿದ್ದೆ. ಸೋಂಕಿನ ದಿನಗಳಲ್ಲಿ ಇದು ವಿವೇಕವೇ ಸರಿ. ಆದರೆ ಎರಡನೆಯ ಅಂತಸ್ತಿನಲ್ಲಿ ಹೊಸದಾಗಿ ಬಂದಿದ್ದ ಉಡುಪಿಯ ಹುಡುಗರು ಉಪ್ಪಿನಕಾಯಿಯನ್ನು ಹಿಡಿದು ಬಂದಾಗ ನಾನು ಕದವನ್ನು ಮುಚ್ಚಲಿಲ್ಲ. ಒಳಕ್ಕೆ ಕರೆದು ಕೂರಿಸಿದೆ. ಒಂದು ಮಧ್ಯಾಹ್ನ, ಬಾಗಿಲ ಕಣ್ಣುಗಂಡಿಯಿಂದ, ಆತನು ನಾಣ್ಯಗಳನ್ನು ಒಂದೊಂದಾಗಿ ಆರಿಸಿ ಅಂಗಿಯ ಚುಂಗಿನಿಂದ ಒರೆಸಿಕೊಳ್ಳುವುದನ್ನು ಕಂಡೆ. ಆತನೂ ನನಗೆ ಹೆದರುತ್ತಿದ್ದನು. ಆ ದೂರವನ್ನು ನಾನು ಮೊದಲೇ ಎಲ್ಲಿಯೋ ಕಂಡಿದ್ದೆನೆನಿಸಿ ನೆನಪನ್ನು ಕೆದಕಿದಾಗ, ನನ್ನ ಅಜ್ಜಿಯ ಮನೆಯ ಹಿಂಬದಿಯ ಅಂಗಳವು ಕಣ್ಣಿಗೆ ಬಂತು: ಗದ್ದೆಯಿಂದ ಬಂದ ಆಳು ಕುಕ್ಕರುಗಾಲಿನಲ್ಲಿ ಕುಳಿತು ಬೊಗಸೆ ಒಡ್ಡುವುದು, ಮೇಲಿನಿಂದ ಧಾರೆಯಾಗಿ ನೀರು ಬೀಳುವುದು, ತಂಬಿಗೆಗೂ ಬೊಗಸೆಗೂ ನಡುವೆ ಎಂದೂ ಕುಗ್ಗದ ಒಂದೂವರೆ ಮೊಳ. ಸೋಂಕು ಹೊಸದು, ಕೈ ಮಾತ್ರ ಹಳೆಯ ಅಳತೆಯನ್ನು ಮರೆತಿರಲಿಲ್ಲ. ಕ್ಯಾನು ಹೊರುವ ಆತನ ಹೆಸರನ್ನು ನಾನು ಕೇಳಿ ತಿಳಿದದ್ದು ಆ ವರ್ಷದ ಕೊನೆಯಲ್ಲಿ.

ನಮ್ಮ ನಾಡಿನಲ್ಲಿಯೂ ಇದೇ ಭಯ ಕಂಡುಬಂತು: ನಾನು ಇಲ್ಲಿಗೆ ಬಂದ ಮರುವರ್ಷ, 2012ರ ಆಗಸ್ಟಿನಲ್ಲಿ, ಬೆಂಗಳೂರಿನಿಂದ ಈಶಾನ್ಯ ಭಾರತದ ಸಹಸ್ರಾರು ಮಂದಿ, ತಮ್ಮ ಮೇಲೆ ಹಲ್ಲೆಯಾಗುವುದೆಂಬ ವದಂತಿಯ ಸಂದೇಶಗಳಿಗೆ ಹೆದರಿ, ಗುವಾಹಟಿಯ ವಿಶೇಷ ರೈಲುಗಳನ್ನು ಹತ್ತಿದರು. ವದಂತಿ ಸುಳ್ಳಾಗಿತ್ತು, ಆದರೆ ಅದನ್ನು ನಂಬಲು ಬೇಕಾದ ಅನುಭವವನ್ನು ಅವರಿಗೆ ಒದಗಿಸಿದವರು ಯಾರು? 2016ರ ಜನವರಿ 31ರಂದು, ಹೆಸರಘಟ್ಟದ ಕಡೆ, ಸುಡಾನಿನ ವಿದ್ಯಾರ್ಥಿಯೊಬ್ಬನ ಕಾರಿಗೆ ಸಿಕ್ಕಿ ಹೆಂಗಸೊಬ್ಬಳು ಸತ್ತ ಬಳಿಕ, ಅದಕ್ಕೆ ಯಾವ ಸಂಬಂಧವೂ ಇಲ್ಲದೆ ಆ ದಾರಿಯಲ್ಲಿ ಬಂದ ಟಾಂಜಾನಿಯದ ವಿದ್ಯಾರ್ಥಿನಿಯನ್ನು ಗುಂಪು ಥಳಿಸಿ ಕಾರನ್ನು ಸುಟ್ಟಿತು. ಖೈತಾನಿನ ಈ ಕೋಣೆಯಲ್ಲಿ ಆ ಸುದ್ದಿಯನ್ನು ಓದಿದ ರಾತ್ರಿ, ಒಬ್ಬನ ತಪ್ಪಿಗೆ ಕುಲದ ಲೆಕ್ಕ ಹಿಡಿಯುವುದು ಯಾವ ದೇಶದ ಸ್ವಂತ ರೋಗವೂ ಅಲ್ಲವೆಂಬುದು ನನಗೆ ಮನದಟ್ಟಾಯಿತು. ಬೆನ್ಯಾಮಿನ್ನರ ಕಾದಂಬರಿಯನ್ನು ಆಧರಿಸಿ ಬ್ಲೆಸ್ಸಿ ನಿರ್ದೇಶಿಸಿದ 'ಆಡುಜೀವಿತಂ' 2024ರ ಮಾರ್ಚಿನಲ್ಲಿ ಬಂದಾಗ ಕೊಲ್ಲಿಯ ಕನ್ನಡಿಗರೂ ಅದನ್ನು ನೋಡಿ ಕಣ್ಣೊರೆಸಿಕೊಂಡರು. ಒಡೆಯನ ಕ್ರೌರ್ಯವನ್ನು ಕುರಿತು ಎಲ್ಲರೂ ಮಾತನಾಡಿದರು. ಕಥಾನಾಯಕನಾದ ನಜೀಬನಿಗೆ ಮರಳುಗಾಡಿನಲ್ಲಿ ದಾರಿ ತೋರಿಸಿ ನಡೆಸುವವನು ಇಬ್ರಾಹಿಂ ಎಂಬ ಆಫ್ರಿಕದವನೆಂಬುದನ್ನು ಕುರಿತು ಮಾತನಾಡಿದವರು ವಿರಳ. ಹೆಸರಘಟ್ಟದ ರಸ್ತೆಯಲ್ಲಿ ಆ ಇಬ್ರಾಹಿಮನು ಎದುರಾಗಿದ್ದರೆ?

ಕನ್ನಡಕ್ಕೆ ಈ ಕಥೆಯನ್ನು ಹೇಳುವ ಶಕ್ತಿಯಿಲ್ಲವೆಂದಲ್ಲ. ಉತ್ತರಕನ್ನಡದ ಮಂಚಿಕೇರಿಯ ಕಡೆ, ಆಫ್ರಿಕದ ಮೂಲದ ನಮ್ಮ ಸಿದ್ದಿಗಳನ್ನು ಕೂಡಿಸಿಕೊಂಡು ನೀನಾಸಮಿನವರು, ಚಿನುವಾ ಅಚೆಬೆಯ ಕಾದಂಬರಿಯನ್ನು ಆಧರಿಸಿದ 'ಕಪ್ಪು ಜನ ಕೆಂಪು ನೆರಳು' ನಾಟಕವನ್ನು 1980ರ ದಶಕದಲ್ಲಿಯೇ ಆಡಿಸಿದರು. ಶತಮಾನಗಳಿಂದ ಈ ನೆಲದಲ್ಲಿ ಬಾಳುತ್ತ, ಕನ್ನಡವನ್ನಾಡಿದರೂ ಬಸ್ಸಿನಲ್ಲಿ ಯಾವ ದೇಶದವರೆಂದು ಕೇಳಿಸಿಕೊಳ್ಳುವ ಜನ ಅವರು. ಅಂತಹ ರಂಗಭೂಮಿಯುಳ್ಳ ಭಾಷೆಯಲ್ಲಿ, ಖೈತಾನಿನ ಮೆಟ್ಟಿಲುಗಳ ಕಥೆಯು, ನಮ್ಮನ್ನು ಕೇವಲ ಅನ್ಯಾಯಕ್ಕೆ ಗುರಿಯಾದವರನ್ನಾಗಿ ಅಲ್ಲದೆ, ಕಟಕಟೆಯ ಮೇಲೆ ನಾಣ್ಯವಿಟ್ಟವರನ್ನಾಗಿಯೂ ತೋರಿಸುವ ಕಥೆಯು, ಚಿತ್ರವಾಗಿ ಬರುವುದನ್ನು ನಾನು ಹಂಬಲಿಸುತ್ತೇನೆ. ಅದು ಬರುವವರೆಗೆ ಎಮ್ಮಿಯ ಮೆಟ್ಟಿಲಿನಲ್ಲಿ ನಮ್ಮದನ್ನು ನೋಡಿಕೊಳ್ಳಬೇಕು.

ಮಂಗಳವಾರ ರಾತ್ರಿ ಪರೀಕ್ಷಾರ್ಥವಾಗಿ ಹಾಸುಬಟ್ಟೆಯನ್ನು ಕಟ್ಟಿ, ಅಲ್-ರಾಯ್‌ನ ಶುಕ್ರವಾರದ ಸಂತೆಯಲ್ಲಿ ಕೊಂಡ ಹಳೆಯ ಪ್ರೊಜೆಕ್ಟರಿನಿಂದ ಮೊದಲ ಎರಡು ನಿಮಿಷಗಳನ್ನು ಓಡಿಸಿದೆವು. ಮಂಜೇಶ್ವರದ ನಮ್ಮ ಸಂಗಾತಿ, "ಎಂತ ಸಿನಿಮಾ ಮಾರಾಯ್ರೆ ಇದು, ಅಜ್ಜಿಗೂ ಅರಬಿಗೂ ಮದುವೆಯಾ?" ಎಂದು ಬೆರಗಾದರು. ಕಲಬುರಗಿಯವನು, "ಕೆಳಗ ಬರೂ ಅಕ್ಷರ ಓದ್ಕೊಂತ ಕುಂದ್ರಬೇಕೇನ್ರಿ ಅಣ್ಣಾರ?" ಎಂದು ಕೇಳಿ, ಹೌದೆಂದಾಗ, ಹಾಗಾದರೆ ಮುಂದಿನ ಮಂಚ ತನಗೇ ಎಂದು ಕಾದಿರಿಸಿಕೊಂಡನು. ತೆರೆಯ ಮೇಲೆ ಮಳೆ ಸುರಿಯುತ್ತಿತ್ತು. ಕಿಟಕಿಯ ಹಳೆಯ ಏಸಿ ಎಷ್ಟು ಅಬ್ಬರಿಸುತ್ತಿತ್ತೆಂದರೆ ಪಾನಗೃಹದ ಅರಬ್ಬಿ ಹಾಡಿನ ಒಂದು ಸ್ವರವೂ ಕಿವಿಗೆ ಬೀಳಲಿಲ್ಲ. ನಮಗೆ ಜರ್ಮನ್ ಬಾರದು, ಅಕ್ಷರಗಳು ಸಾಕು. ಆದರೆ ಅಲಿ ತನ್ನ ಗೆಳೆಯರೊಡನೆ ಅರಬ್ಬಿಯಲ್ಲಿ ಆಡುವ ಮಾತುಗಳನ್ನು ಈಜಿಪ್ಟಿನವನು ಕೇಳಬೇಡವೆ? ಸೆಕೆಯಾದರೂ ಸರಿಯೆಂದು ಎದ್ದು ಏಸಿಯನ್ನು ಆರಿಸಿದೆನು.

ಆಗ ಬಾಗಿಲು ತಟ್ಟುತ್ತಿರುವ ಸದ್ದು ಕೇಳಿಸಿತು. ಎಷ್ಟು ಹೊತ್ತಿನಿಂದ ತಟ್ಟುತ್ತಿದ್ದನೋ ತಿಳಿಯದು. ಕದ ತೆರೆದರೆ, ಎರಡು ಹೆಗಲಿನ ಮೇಲೂ ನೀರಿನ ಕ್ಯಾನುಗಳನ್ನು ಹೊತ್ತು, ಬೆವರಿನಲ್ಲಿ ತೊಯ್ದು ಆತನು ನಿಂತಿದ್ದನು. ಕ್ಯಾನುಗಳನ್ನು ಇಳಿಸುವುದನ್ನೂ ಮರೆತು, ನಮ್ಮ ಭುಜಗಳ ಮೇಲಿನಿಂದ ಗೋಡೆಯ ಮೇಲೆ ಬೀಳುತ್ತಿದ್ದ ಮಳೆಯನ್ನು ನೋಡುತ್ತಿದ್ದನು. ಕಲಬುರಗಿಯವನು ಹಿಂದಿಯಲ್ಲಿ ಆತನಿಗೆ ಗುರುವಾರವೆಂದೂ, ಇಶಾ ಆದ ಮೇಲೆಂದೂ ಹೇಳಿ, ನಮ್ಮಲ್ಲಿ ಕುರ್ಚಿಗಳು ನಾಲ್ಕೇ ಇರುವುದರಿಂದ ಕೆಳಗಿನಿಂದ ಒಂದನ್ನು ಎತ್ತಿಕೊಂಡು ಬಾ ಎಂದನು.